ಪ್ರಥಮ ರಾಷ್ಟ್ರಪತಿ ಬಾಬು ರಾಜೇಂದ್ರಪ್ರಸಾದರು

ಭಾರತವು ಶತಮಾನಗಳ ಕಾಲ ರಾಜರ ಆಳ್ವಿಕೆಯನ್ನು ಕಂಡ ದೇಶ. ಸಿಂಹಾಸನ, ಛತ್ರ, ಚಾಮರಗಳು ಇಲ್ಲಿಯ ಜನರಿಗೆ ಹೊಸವಲ್ಲ. ರಾಜರ ತರುವಾಯ ಬ್ರಿಟಿಷ್ ವೈಸರಾಯರು ಬಂದರು. ದೆಹಲಿಯ ರೈಸಿನಾ ಗುಡ್ಡದ ಮೇಲೆ ಭವ್ಯವಾದ ಅರಮನೆಯನ್ನು ಕಟ್ಟಿಸಿಕೊಂಡು ಆಳಿದರು. 1950ನೆಯ ಇಸವಿ ಜನವರಿ 26ರಂದು ಅದೇ ಅರಮನೆಯ ದರ್ಬಾರು ಸಭಾಂಗಣದಲ್ಲಿ ನಿಂತು ಪ್ರಮಾಣವಚನವನ್ನು ಸ್ವೀಕರಿಸಿದವರು ರಾಜರೂ ಅಲ್ಲ, ವೈಸರಾಯರೂ ಅಲ್ಲ. ಬಿಹಾರದ ಹಳ್ಳಿಯೊಂದರಲ್ಲಿ ಹುಟ್ಟಿ ಬೆಳೆದು, ರೈತರ ನಡುವೆ ದುಡಿದು, ಹಲವು ಬಾರಿ ಸೆರೆಮನೆಯನ್ನು ಕಂಡುಬಂದ ಸರಳ ವ್ಯಕ್ತಿಯೊಬ್ಬರು ಅಂದು ಭಾರತ ಗಣರಾಜ್ಯದ ಪ್ರಥಮ ರಾಷ್ಟ್ರಪತಿಗಳಾದರು. ಅವರೇ ಡಾ. ರಾಜೇಂದ್ರಪ್ರಸಾದರು, ಜನರ ಪ್ರೀತಿಯ ರಾಜೇಂದ್ರಬಾಬುಗಳು.

ಅಂದು ಆ ಪದವಿಯೇ ಹೊಸದು. ರಾಜನಿಲ್ಲದ ದೇಶಕ್ಕೆ ಮುಖ್ಯಸ್ಥನಾದವನು ಹೇಗೆ ನಡೆದುಕೊಳ್ಳಬೇಕು? ಅವನ ಅಧಿಕಾರದ ಮೇರೆ ಯಾವುದು? ಅವನ ಮನಸ್ಸು ಒಂದು ಕಡೆಗೆ, ಮಂತ್ರಿಗಳ ಸಲಹೆ ಇನ್ನೊಂದು ಕಡೆಗೆ ಎಳೆದಾಗ ನಡೆಯಬೇಕಾದದ್ದು ಯಾವುದು? ಈ ಪ್ರಶ್ನೆಗಳಿಗೆ ಸಂವಿಧಾನದ ಪುಟಗಳಲ್ಲಿ ಅಕ್ಷರರೂಪದ ಉತ್ತರವು ಅಲ್ಪಸ್ವಲ್ಪ ಇದ್ದಿತು. ಆದರೆ ಅಕ್ಷರಕ್ಕೆ ಜೀವ ತುಂಬುವವನು ಮನುಷ್ಯ. ರಾಜೇಂದ್ರಪ್ರಸಾದರು ಹನ್ನೆರಡು ವರ್ಷಗಳಿಗೂ ಮೀರಿದ ತಮ್ಮ ನಡೆವಳಿಕೆಯಿಂದ ಆ ಉತ್ತರವನ್ನು ಬರೆದರು.

ರಾಜೇಂದ್ರಪ್ರಸಾದರು 1884ನೆಯ ಇಸವಿ ಡಿಸೆಂಬರ್ 3ರಂದು ಬಿಹಾರದ ಜೀರಾದೇಯಿ ಎಂಬ ಗ್ರಾಮದಲ್ಲಿ ಜನಿಸಿದರು. ಆಗ ಸಾರಣ ಜಿಲ್ಲೆಗೆ ಸೇರಿದ್ದ ಆ ಊರು ಈಗ ಸಿವಾನ್ ಜಿಲ್ಲೆಯಲ್ಲಿದೆ. ತಂದೆ ಮಹಾದೇವ ಸಹಾಯರು ಪಾರಸಿ ಹಾಗೂ ಸಂಸ್ಕೃತ ಭಾಷೆಗಳನ್ನು ಬಲ್ಲವರು. ತಾಯಿ ಕಮಲೇಶ್ವರೀದೇವಿ ದೈವಭಕ್ತೆ. ಬೆಳಗಿನ ಜಾವಕ್ಕೆ ಮುನ್ನವೇ ಎಚ್ಚರಗೊಳ್ಳುತ್ತಿದ್ದ ಬಾಲಕನಿಗೆ ತಾಯಿ ರಾಮಾಯಣದ ಕಥೆಗಳನ್ನು ಹೇಳುತ್ತಿದ್ದರು. ಓದು ಆರಂಭವಾದದ್ದು ಮೌಲವಿಯೊಬ್ಬರ ಬಳಿ, ಪಾರಸಿ ಅಕ್ಷರಗಳಿಂದ. ಹಿಂದೂಗಳೂ ಮುಸಲ್ಮಾನರೂ ಒಬ್ಬರ ಹಬ್ಬದಲ್ಲಿ ಇನ್ನೊಬ್ಬರು ಕೂಡಿ ನಲಿಯುತ್ತಿದ್ದ ಆ ಹಳ್ಳಿಯ ಬಾಳು ಅವರ ಮನಸ್ಸಿನಲ್ಲಿ ಕೊನೆಯವರೆಗೂ ಹಸುರಾಗಿ ಉಳಿಯಿತು. ಅಂದಿನ ಪದ್ಧತಿಯಂತೆ ಹನ್ನೆರಡನೆಯ ವಯಸ್ಸಿನಲ್ಲಿಯೇ ಅವರಿಗೆ ರಾಜವಂಶೀದೇವಿಯವರೊಡನೆ ವಿವಾಹವಾಯಿತು.

ಛಪರಾ ನಗರದ ಶಾಲೆಯಲ್ಲಿ ಓದುತ್ತಿದ್ದ ರಾಜೇಂದ್ರರು 1902ರಲ್ಲಿ ಕಲ್ಕತ್ತ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಗೆ ಕುಳಿತರು. ಆ ಕಾಲದಲ್ಲಿ ಆ ವಿಶ್ವವಿದ್ಯಾನಿಲಯದ ವ್ಯಾಪ್ತಿ ಬಹು ವಿಸ್ತಾರವಾದದ್ದು. ಅಷ್ಟೊಂದು ವಿದ್ಯಾರ್ಥಿಗಳಲ್ಲಿ ಬಿಹಾರದ ಈ ಹಳ್ಳಿಯ ಹುಡುಗ ಪ್ರಥಮನಾಗಿ ತೇರ್ಗಡೆ ಹೊಂದಿದಾಗ ಎಲ್ಲರೂ ಬೆರಗಾದರು. ತಿಂಗಳಿಗೆ 30 ರೂಪಾಯಿಗಳ ವಿದ್ಯಾರ್ಥಿವೇತನ ದೊರೆಯಿತು. ಕಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವ್ಯಾಸಂಗ ಮುಂದುವರಿಸಿ, 1907ರಲ್ಲಿ ಅರ್ಥಶಾಸ್ತ್ರದಲ್ಲಿ ಎಂ.ಎ. ಪದವಿಯನ್ನು ಪಡೆದರು. ಕೆಲಕಾಲ ಮುಜಫರಪುರದಲ್ಲಿ ಅಧ್ಯಾಪಕರಾಗಿದ್ದು, ಅನಂತರ ಕಾನೂನಿನ ಕಡೆಗೆ ತಿರುಗಿದರು. 1915ರಲ್ಲಿ ಕಾನೂನಿನ ಉನ್ನತ ಪದವಿಯನ್ನು ಚಿನ್ನದ ಪದಕದೊಡನೆ ಗಳಿಸಿದರು.

ಈ ನಡುವೆ ಗೋಪಾಲಕೃಷ್ಣ ಗೋಖಲೆಯವರು ತಮ್ಮ ಭಾರತ ಸೇವಕ ಸಮಾಜವನ್ನು ಸೇರುವಂತೆ ಈ ಪ್ರತಿಭಾವಂತ ತರುಣನನ್ನು ಕರೆದಿದ್ದರು. ದೇಶಸೇವೆಗೆ ಬಾಳನ್ನು ಮುಡಿಪಿಡಬೇಕೆಂಬ ಹಂಬಲ ರಾಜೇಂದ್ರರಲ್ಲಿ ಉಕ್ಕಿತು. ಆದರೆ ಮನೆಯವರೆಲ್ಲ ಅವರ ಮೇಲೆ ಭರವಸೆ ಇಟ್ಟುಕೊಂಡಿದ್ದರು. ತಂದೆಯ ಸ್ಥಾನದಲ್ಲಿ ನಿಂತು ಪೋಷಿಸಿದ್ದ ಅಣ್ಣ ಮಹೇಂದ್ರಪ್ರಸಾದರ ಮನಸ್ಸನ್ನು ನೋಯಿಸಿ ಹೊರಡಲು ಅವರಿಂದಾಗಲಿಲ್ಲ. ಹಲವು ದಿನಗಳ ತೊಳಲಾಟದ ಬಳಿಕ ತಮ್ಮ ಹಂಬಲವನ್ನು ಹಿಂದಿಟ್ಟು ಮನೆಯ ಕರ್ತವ್ಯಕ್ಕೆ ತಲೆಬಾಗಿದರು. ಬಯಸಿದ್ದನ್ನು ಕರ್ತವ್ಯಕ್ಕಾಗಿ ಬಿಟ್ಟುಕೊಡುವ ಈ ಗುಣ ಮುಂದೆಯೂ ಅವರ ಬಾಳಿನಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡಿತು.

ಕಲ್ಕತ್ತದಲ್ಲಿಯೂ 1916ರಿಂದ ಪಾಟ್ನಾದಲ್ಲಿಯೂ ಅವರ ವಕೀಲಿ ವೃತ್ತಿ ಚೆನ್ನಾಗಿ ಬೆಳೆಯಿತು. ಆದರೆ 1917ನೆಯ ವರ್ಷ ಅವರ ಜೀವನದ ದಿಕ್ಕನ್ನೇ ಬದಲಿಸಿತು. ಬಿಹಾರದ ಚಂಪಾರಣ ಜಿಲ್ಲೆಯಲ್ಲಿ ನೀಲಿ ಬೆಳೆಯ ಯುರೋಪಿಯನ್ ತೋಟಗಾರರು ರೈತರನ್ನು ಪೀಡಿಸುತ್ತಿದ್ದರು. ಒಂದು ಬಿಘಾ ಎಂದರೆ ಇಪ್ಪತ್ತು ಕಠಾ ಭೂಮಿ. ಅದರಲ್ಲಿ ಮೂರು ಕಠಾಗಳಷ್ಟು ನೆಲದಲ್ಲಿ ರೈತನು ಕಡ್ಡಾಯವಾಗಿ ನೀಲಿಯನ್ನೇ ಬೆಳೆದುಕೊಡಬೇಕಾಗಿದ್ದಿತು. ಇದಕ್ಕೆ ತೀನ್ ಕಠಿಯಾ ಪದ್ಧತಿಯೆಂದು ಹೆಸರು. ರಾಜಕುಮಾರ ಶುಕ್ಲ ಎಂಬ ರೈತನು ಬೆಂಬಿಡದೆ ಬೇಡಿಕೊಂಡು ಗಾಂಧೀಜಿಯವರನ್ನು ಪಾಟ್ನಾಕ್ಕೆ ಕರೆತಂದು, ರಾಜೇಂದ್ರಪ್ರಸಾದರ ಮನೆಗೆ ಕರೆದೊಯ್ದನು. ರಾಜೇಂದ್ರರು ಊರಿನಲ್ಲಿರಲಿಲ್ಲ. ಮನೆಯ ಆಳುಗಳು ಬಂದವರನ್ನು ಯಾರೋ ಹಳ್ಳಿಗನೆಂದು ಭಾವಿಸಿ, ಯಾವ ಜಾತಿಯವರೋ ಎಂಬ ಶಂಕೆಯಿಂದ ಬಾವಿಯ ನೀರನ್ನು ಬಳಸಲೂ ಅವಕಾಶ ಕೊಡಲಿಲ್ಲ. ಮಹಾತ್ಮರು ಇದರಿಂದ ಬೇಸರಗೊಳ್ಳದೆ ಮುಂದಕ್ಕೆ ಪ್ರಯಾಣ ಬೆಳೆಸಿದರು. ಊರಿಗೆ ಮರಳಿ ಸಂಗತಿಯನ್ನು ತಿಳಿದ ರಾಜೇಂದ್ರಪ್ರಸಾದರು ಚಂಪಾರಣಕ್ಕೆ ಧಾವಿಸಿ ಗಾಂಧೀಜಿಯವರನ್ನು ಕೂಡಿಕೊಂಡರು.

ಅಲ್ಲಿಗೆ ಬಂದ ವಕೀಲರೆಲ್ಲ ತಮ್ಮ ತಮ್ಮ ಆಳುಗಳನ್ನೂ ಅಡಿಗೆಯವರನ್ನೂ ಜೊತೆಗೆ ಕರೆತಂದಿದ್ದರು. ಒಬ್ಬೊಬ್ಬರಿಗೂ ಬೇರೆ ಬೇರೆ ಒಲೆ. ಗಾಂಧೀಜಿಯವರು ಮೃದುವಾಗಿ ತಿದ್ದಿದರು. ಆಳುಗಳು ಹಿಂತಿರುಗಿದರು, ಎಲ್ಲರಿಗೂ ಒಂದೇ ಅಡಿಗೆಮನೆಯಾಯಿತು. ಜಾತಿಯ ಕಟ್ಟಿನಲ್ಲಿ ಬೆಳೆದಿದ್ದ ರಾಜೇಂದ್ರಪ್ರಸಾದರು ಎಲ್ಲರೊಡನೆ ಕುಳಿತು ಉಂಡರು. ತಮ್ಮ ಬಟ್ಟೆ ಪಾತ್ರೆಗಳನ್ನು ತಾವೇ ತೊಳೆಯುವುದನ್ನು ಕಲಿತರು. ಸಾವಿರಾರು ರೈತರ ಹೇಳಿಕೆಗಳನ್ನು ಪ್ರಶ್ನಿಸಿ, ಪರೀಕ್ಷಿಸಿ ಬರೆದುಕೊಂಡರು. ಇದರ ಫಲವಾಗಿ 1918ರಲ್ಲಿ ಕಾನೂನೊಂದು ಜಾರಿಗೆ ಬಂದು ತೀನ್ ಕಠಿಯಾ ಪದ್ಧತಿ ಅಳಿಯಿತು.

1920ರಲ್ಲಿ ಅಸಹಕಾರದ ಕರೆ ಬಂದೊಡನೆ ಅವರು ವಕೀಲಿಯನ್ನು ತೊರೆದರು. ಅಲ್ಲಿಂದ ಮುಂದೆ ಸೆರೆಮನೆಯು ಅವರ ಎರಡನೆಯ ಮನೆಯಾಯಿತು. 1934ನೆಯ ಇಸವಿ ಜನವರಿ 15ರಂದು ಬಿಹಾರದಲ್ಲಿ ಭೀಕರ ಭೂಕಂಪವಾದಾಗಲೂ ಅವರು ಬಂಧನದಲ್ಲಿದ್ದರು. ಎರಡು ದಿನಗಳ ಬಳಿಕ ಬಿಡುಗಡೆಯಾದ ಅವರು, ಉಬ್ಬಸದಿಂದ ಬಳಲುತ್ತಿದ್ದರೂ ಲೆಕ್ಕಿಸದೆ ಪರಿಹಾರ ಸಮಿತಿಯನ್ನು ಸ್ಥಾಪಿಸಿದರು. ಸುಮಾರು 38 ಲಕ್ಷ ರೂಪಾಯಿಗಳು ಸಂಗ್ರಹವಾದವು. ಅದೇ ಉದ್ದೇಶಕ್ಕಾಗಿ ವೈಸರಾಯರು ತೆರೆದಿದ್ದ ನಿಧಿಗೆ ಬಂದ ಹಣಕ್ಕಿಂತ ಇದು ಬಹಳ ಹೆಚ್ಚು. ಅಧಿಕಾರವಿಲ್ಲದಿದ್ದರೂ ಜನರ ವಿಶ್ವಾಸವನ್ನು ಗಳಿಸಬಹುದೆಂಬುದನ್ನು ಅಂದೇ ಅವರು ತೋರಿಸಿಕೊಟ್ಟಿದ್ದರು. ಅದೇ ವರ್ಷ ಮುಂಬಯಿ ಕಾಂಗ್ರೆಸ್ ಅಧಿವೇಶನಕ್ಕೆ ಅವರು ಅಧ್ಯಕ್ಷರಾದರು. 1942ರ ಆಗಸ್ಟ್ 9ರಂದು ಮತ್ತೆ ಬಂಧಿತರಾಗಿ, 1945ರ ಜೂನ್‌ವರೆಗೆ ಪಾಟ್ನಾದ ಬಂಕಿಪುರ ಸೆರೆಮನೆಯಲ್ಲಿದ್ದರು.

ಸ್ವಾತಂತ್ರ್ಯವು ಸಮೀಪಿಸಿದಂತೆ ಹೋರಾಟದ ಕಾಲ ಮುಗಿದು ಕಟ್ಟುವ ಕಾಲ ಬಂದಿತು. 1946ರ ಡಿಸೆಂಬರ್ 11ರಂದು ಸಂವಿಧಾನ ರಚನಾ ಸಭೆಯು ರಾಜೇಂದ್ರಪ್ರಸಾದರನ್ನು ತನ್ನ ಅಧ್ಯಕ್ಷರನ್ನಾಗಿ ಆರಿಸಿತು. ಮೂರು ವರ್ಷಗಳಿಗೆ ಸಮೀಪವಾದ ಅವಧಿಯಲ್ಲಿ ನಾನಾ ಮತ, ನಾನಾ ಪ್ರಾಂತ, ನಾನಾ ಅಭಿಪ್ರಾಯಗಳ ಸದಸ್ಯರು ಅಲ್ಲಿ ವಾದಿಸಿದರು. ಅಧ್ಯಕ್ಷರು ಎಲ್ಲರಿಗೂ ಮಾತನಾಡಲು ಅವಕಾಶವಿತ್ತರು. ತಾಳ್ಮೆಗೆಡಲಿಲ್ಲ, ಯಾರ ಕಡೆಗೂ ವಾಲಲಿಲ್ಲ. ಸಭೆಗೆ ಸಂವಿಧಾನ ಸಲಹೆಗಾರರಾಗಿದ್ದವರು ಮಂಗಳೂರಿನ ಮನೆತನವೊಂದಕ್ಕೆ ಸೇರಿದ ಬೆನೆಗಲ್ ನರಸಿಂಗರಾಯರು. ಅವರು ಅಮೆರಿಕ, ಕೆನಡ, ಐರ್ಲೆಂಡ್, ಇಂಗ್ಲೆಂಡ್‌ಗಳಿಗೆ ಹೋಗಿ ಅಲ್ಲಿಯ ಪಂಡಿತರೊಡನೆ ಚರ್ಚಿಸಿ ಬಂದರು. ಡಾ. ಅಂಬೇಡ್ಕರ್ ಅವರ ಅಧ್ಯಕ್ಷತೆಯ ಸಮಿತಿಯು ಕರಡನ್ನು ಸಿದ್ಧಪಡಿಸಿತು.

ದೇಶದ ಮುಖ್ಯಸ್ಥನು ಎಂಥವನಾಗಿರಬೇಕೆಂಬುದು ಆ ಸಭೆಯ ಮುಂದಿದ್ದ ದೊಡ್ಡ ಪ್ರಶ್ನೆಗಳಲ್ಲೊಂದು. ಅಮೆರಿಕದಲ್ಲಿರುವಂತೆ ಅಧ್ಯಕ್ಷನೇ ಆಡಳಿತವನ್ನು ನಡೆಸಲಿ, ಅವನನ್ನು ಪ್ರಜೆಗಳೇ ನೇರವಾಗಿ ಆರಿಸಲಿ ಎಂದು ಪ್ರೊಫೆಸರ್ ಕೆ.ಟಿ. ಷಾ ವಾದಿಸಿದರು. ಸಭೆಯು ಅದನ್ನು ಒಪ್ಪಲಿಲ್ಲ. ಆಡಳಿತದ ಹೊಣೆಯನ್ನು ಲೋಕಸಭೆಗೆ ಉತ್ತರ ಕೊಡಬೇಕಾದ ಮಂತ್ರಿಮಂಡಲವು ಹೊರಬೇಕು. ರಾಷ್ಟ್ರಪತಿಯು ದೇಶವನ್ನು ಪ್ರತಿನಿಧಿಸಬೇಕೇ ಹೊರತು ಆಳಬಾರದು ಎಂಬುದು ಅಂಬೇಡ್ಕರರ ವಿವರಣೆಯಾಗಿದ್ದಿತು.

ಸಂವಿಧಾನವು ರಾಷ್ಟ್ರಪತಿಗೆ ಕೊಟ್ಟ ಸ್ಥಾನವು ಹೊರನೋಟಕ್ಕೆ ಬಹು ಪ್ರಬಲವಾದದ್ದು. ಒಕ್ಕೂಟದ ಕಾರ್ಯಾಧಿಕಾರವು ಅವರಲ್ಲಿ ನೆಲೆಸಿರುತ್ತದೆ. ಭೂ, ನೌಕಾ, ವಾಯುಸೇನೆಗಳಿಗೆ ಅವರೇ ಮಹಾದಂಡನಾಯಕರು. ಪ್ರಧಾನಮಂತ್ರಿಯನ್ನು, ರಾಜ್ಯಪಾಲರನ್ನು, ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರನ್ನು ನೇಮಿಸುವವರು ಅವರು. ಸಂಸತ್ತು ಒಪ್ಪಿದ ಮಸೂದೆಯು ಅವರ ಅಂಕಿತ ಬೀಳದೆ ಕಾನೂನಾಗದು. ಮರಣದಂಡನೆಗೆ ಗುರಿಯಾದವನನ್ನು ಕ್ಷಮಿಸುವ ಅಧಿಕಾರವೂ ಅವರಿಗುಂಟು. ದೇಶಕ್ಕೆ ಆಪತ್ತು ಒದಗಿದಾಗ ತುರ್ತು ಪರಿಸ್ಥಿತಿಯನ್ನು ಘೋಷಿಸುವುದು ಅವರ ಹೆಸರಿನಲ್ಲಿಯೇ. ಆದರೆ ಅವರಿಗೆ ನೆರವು, ಸಲಹೆಗಳನ್ನು ನೀಡಲು ಪ್ರಧಾನಮಂತ್ರಿಯ ನೇತೃತ್ವದಲ್ಲಿ ಒಂದು ಮಂತ್ರಿಮಂಡಲವಿರತಕ್ಕದ್ದೆಂದು 74ನೆಯ ವಿಧಿಯು ಹೇಳಿತು. ಸಂವಿಧಾನವನ್ನು ಉಲ್ಲಂಘಿಸಿದ ರಾಷ್ಟ್ರಪತಿಯನ್ನು ಮಹಾಭಿಯೋಗದ ಮೂಲಕ ಪದಚ್ಯುತಗೊಳಿಸುವ ಅಧಿಕಾರವು ಸಂಸತ್ತಿಗಿದೆ. ಅದಕ್ಕೆ ಎರಡೂ ಸದನಗಳಲ್ಲಿ ಒಟ್ಟು ಸದಸ್ಯಸಂಖ್ಯೆಯ ಮೂರನೆಯ ಎರಡು ಭಾಗದಷ್ಟು ಮತಗಳು ಬೇಕು.

ಆದರೆ ಒಂದು ಎಡೆ ಉಳಿಯಿತು. ಮಂತ್ರಿಗಳು ಸಲಹೆ ನೀಡುವರೆಂದು ಬರೆದಿದ್ದರೂ ರಾಷ್ಟ್ರಪತಿಯು ಅದನ್ನು ಒಪ್ಪಲೇಬೇಕೆಂದು ಎಲ್ಲಿಯೂ ಬರೆದಿರಲಿಲ್ಲ. ನುರಿತ ನ್ಯಾಯವಾದಿಗಳಾದ ರಾಜೇಂದ್ರಪ್ರಸಾದರ ಕಣ್ಣಿಗೆ ಈ ಎಡೆ ಬೀಳದಿರಲಿಲ್ಲ. ಅಧ್ಯಕ್ಷಪೀಠದಿಂದಲೇ ಅವರು ಇದನ್ನು ಕುರಿತು ಅಂಬೇಡ್ಕರರನ್ನು ಪ್ರಶ್ನಿಸಿದ್ದರು. 1949ರ ನವೆಂಬರ್ 26ರಂದು ಸಂವಿಧಾನವನ್ನು ಅಂಗೀಕರಿಸುವ ಮುನ್ನ ಮಾಡಿದ ಸಮಾರೋಪ ಭಾಷಣದಲ್ಲಿಯೂ ಅದನ್ನು ನೆನೆದರು. ಇಂಗ್ಲೆಂಡಿನ ದೊರೆಯು ಮಂತ್ರಿಗಳ ಸಲಹೆಯಂತೆ ನಡೆಯುವ ಸಂಪ್ರದಾಯವು ಇಲ್ಲಿಯೂ ನೆಲೆಗೊಂಡು, ಎಲ್ಲ ವಿಷಯಗಳಲ್ಲಿಯೂ ರಾಷ್ಟ್ರಪತಿಯು ಸಂವಿಧಾನಬದ್ಧ ಮುಖ್ಯಸ್ಥನಾಗುವನೆಂಬ ಆಶಯವನ್ನು ಸೂಚಿಸಿದರು. ಆ ಆಶಯವನ್ನು ನೆರವೇರಿಸುವ ಭಾರವು ತಮ್ಮ ಹೆಗಲಿಗೇ ಬರಲಿತ್ತು. 1950ರ ಜನವರಿ 24ರಂದು ಸಭೆಯು ಅವರನ್ನು ಅವಿರೋಧವಾಗಿ ರಾಷ್ಟ್ರಪತಿಗಳನ್ನಾಗಿ ಆರಿಸಿತು.

ಪರೀಕ್ಷೆಯು ಬಹುಬೇಗನೆ ಎದುರಾಯಿತು. ಹಿಂದೂ ಸಮಾಜದ ವಿವಾಹ, ದಾಯಭಾಗ, ದತ್ತಕಗಳ ಕಟ್ಟಳೆಗಳನ್ನು ಬದಲಿಸಿ ಹೆಣ್ಣುಮಕ್ಕಳಿಗೆ ಹಕ್ಕುಗಳನ್ನು ಕೊಡುವ ಹಿಂದೂ ಸಂಹಿತೆಯ ಮಸೂದೆಯು ಆಗ ಸಂಸತ್ತಿನ ಮುಂದಿತ್ತು. ಪ್ರಧಾನಮಂತ್ರಿ ಜವಾಹರಲಾಲ್ ನೆಹರೂ ಅವರೂ ಕಾನೂನು ಮಂತ್ರಿ ಅಂಬೇಡ್ಕರರೂ ಅದನ್ನು ಬಯಸಿದ್ದರು. ಹಳೆಯ ಸಂಪ್ರದಾಯಗಳಲ್ಲಿ ಶ್ರದ್ಧೆಯುಳ್ಳ ರಾಜೇಂದ್ರಪ್ರಸಾದರಿಗೆ ಅದು ಸರಿತೋರಲಿಲ್ಲ. ಆಗಿನ ಸಂಸತ್ತು ಪ್ರಜೆಗಳ ಮತದಿಂದ ನೇರವಾಗಿ ಆರಿಸಿಬಂದದ್ದಲ್ಲ. ಇಷ್ಟು ದೊಡ್ಡ ಬದಲಾವಣೆಯನ್ನು ಮಾಡುವ ಅಧಿಕಾರ ಅದಕ್ಕಿಲ್ಲವೆಂಬುದು ಅವರ ನಿಲುವು. 1951ರ ಸೆಪ್ಟೆಂಬರಿನಲ್ಲಿ ಅವರು ನೆಹರೂ ಅವರಿಗೆ ಪತ್ರ ಬರೆದು, ಈ ಮಸೂದೆಯು ತಮ್ಮ ಬಳಿ ಬಂದಾಗ ಸ್ವಂತ ವಿವೇಚನೆಯಂತೆ ನಡೆಯಲು ಬಯಸುವುದಾಗಿ ತಿಳಿಸಿದರು.

ನವಜಾತ ಗಣರಾಜ್ಯಕ್ಕೆ ಅದು ಸೂಕ್ಷ್ಮವಾದ ಗಳಿಗೆ. ರಾಷ್ಟ್ರಪತಿಯೇ ಸಂಸತ್ತಿನ ಇಚ್ಛೆಗೆ ಅಡ್ಡವಾಗಿ ನಿಂತರೆ ದೇಶದಲ್ಲಿ ಎರಡು ಅಧಿಕಾರಕೇಂದ್ರಗಳಾಗುತ್ತಿದ್ದವು. ಪ್ರಜೆಗಳು ಆರಿಸಿದವರ ಮಾತು ನಡೆಯಬೇಕೋ, ಮುಖ್ಯಸ್ಥನೊಬ್ಬನ ಮನಸ್ಸು ನಡೆಯಬೇಕೋ ಎಂಬ ಪ್ರಶ್ನೆಯು ಅಲ್ಲಿ ಅಡಗಿತ್ತು. ನೆಹರೂ ಅವರು ರಾಷ್ಟ್ರಪತಿಗಳ ವಾದವನ್ನು ಒಪ್ಪಲಿಲ್ಲ. ಅಟಾರ್ನಿ ಜನರಲ್ ಆಗಿದ್ದ ಎಂ.ಸಿ. ಸೆಟಲ್ವಾಡರ ಹಾಗೂ ಸಂವಿಧಾನತಜ್ಞರಾದ ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್ ಅವರ ಅಭಿಪ್ರಾಯವನ್ನು ಕೇಳಲಾಯಿತು. ರಾಷ್ಟ್ರಪತಿಯು ಮಂತ್ರಿಮಂಡಲದ ಸಲಹೆಗೆ ಬದ್ಧನೆಂದೇ ಇಬ್ಬರೂ ಸ್ಪಷ್ಟಪಡಿಸಿದರು.

ರಾಜೇಂದ್ರಪ್ರಸಾದರು ಅದನ್ನು ಒಪ್ಪಿ ನಡೆದರು. ಕೋಪಗೊಳ್ಳಲಿಲ್ಲ, ರಾಜೀನಾಮೆಯ ಬೆದರಿಕೆಯನ್ನೂ ಒಡ್ಡಲಿಲ್ಲ. ಆ ಮಸೂದೆಯು ಅಂದು ಮುಂದಕ್ಕೆ ಹೋಯಿತು. ಆ ನೋವಿನಿಂದ ಅಂಬೇಡ್ಕರರು ಮಂತ್ರಿಪದವಿಯನ್ನು ಬಿಟ್ಟರು. ಸಾರ್ವತ್ರಿಕ ಚುನಾವಣೆಯ ಅನಂತರ ಹೊಸ ಸಂಸತ್ತು ಅದೇ ವಿಷಯವನ್ನು ಬೇರೆ ಬೇರೆ ಮಸೂದೆಗಳಾಗಿ ಒಪ್ಪಿತು. ಹಿಂದೂ ವಿವಾಹ ಕಾಯಿದೆಯು 1955ರಲ್ಲಿಯೂ ಉತ್ತರಾಧಿಕಾರದ ಕಾಯಿದೆಯು 1956ರಲ್ಲಿಯೂ ರಾಷ್ಟ್ರಪತಿಗಳ ಮುಂದೆ ಬಂದವು. ತಮ್ಮ ಮನಸ್ಸಿಗೆ ಒಗ್ಗದ ಆ ಶಾಸನಗಳಿಗೆ ರಾಜೇಂದ್ರಪ್ರಸಾದರು ಅಂಕಿತವನ್ನು ಹಾಕಿದರು. ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಹಕ್ಕನ್ನು ತಂದ ಆ ಕಾನೂನಿನ ಹಿಂದೆ ಹೀಗೊಂದು ಮೌನವಾದ ತ್ಯಾಗವೂ ಇದೆ.

1952ರಲ್ಲಿ ಸಂವಿಧಾನದ ವಿಧಿಗಳಂತೆ ಮೊತ್ತಮೊದಲ ರಾಷ್ಟ್ರಪತಿ ಚುನಾವಣೆಯು ನಡೆಯಿತು. ಈ ಚುನಾವಣೆಯ ಕ್ರಮವು ವಿಶೇಷವಾದದ್ದು. ಸಂಸತ್ತಿನ ಎರಡೂ ಸದನಗಳ ಚುನಾಯಿತ ಸದಸ್ಯರೂ ರಾಜ್ಯಗಳ ವಿಧಾನಸಭೆಗಳ ಚುನಾಯಿತ ಸದಸ್ಯರೂ ಮತದಾರರು. ಶಾಸಕನ ಮತದ ಬೆಲೆಯು ಅವನ ರಾಜ್ಯದ ಜನಸಂಖ್ಯೆಯನ್ನು ಅನುಸರಿಸಿರುತ್ತದೆ. ಎಲ್ಲ ಶಾಸಕರ ಮತಗಳ ಒಟ್ಟು ಬೆಲೆಯನ್ನು ಸಂಸತ್ ಸದಸ್ಯರ ಸಂಖ್ಯೆಯಿಂದ ಭಾಗಿಸಿದರೆ ಸಂಸತ್ ಸದಸ್ಯನ ಮತದ ಬೆಲೆ ದೊರೆಯುತ್ತದೆ. 1952ರಲ್ಲಿ ಅದು 494. ಹೀಗೆ ಒಕ್ಕೂಟಕ್ಕೂ ರಾಜ್ಯಗಳಿಗೂ ಸಮತೂಕ ಒದಗುತ್ತದೆ. ರಾಷ್ಟ್ರಪತಿಯು ಯಾವುದೋ ಒಂದು ಪ್ರಾಂತದ ಪ್ರತಿನಿಧಿಯಲ್ಲ, ಇಡೀ ದೇಶದ ಪ್ರತಿನಿಧಿಯೆಂಬುದೇ ಇದರ ತಾತ್ಪರ್ಯ. ಆ ಚುನಾವಣೆಯಲ್ಲಿ ರಾಜೇಂದ್ರಪ್ರಸಾದರಿಗೆ 5,07,400 ಮತಗಳು ಬಂದವು. ಪ್ರತಿಸ್ಪರ್ಧಿಗಳಲ್ಲಿ ಮುಖ್ಯರಾದವರು, ಸಂವಿಧಾನ ರಚನಾ ಸಭೆಯಲ್ಲಿ ಬೇರೊಂದು ಬಗೆಯ ಅಧ್ಯಕ್ಷಪದವಿಯನ್ನು ಬಯಸಿದ್ದ ಅದೇ ಕೆ.ಟಿ. ಷಾ ಅವರು. 1957ರಲ್ಲಿ ರಾಜೇಂದ್ರಪ್ರಸಾದರು ಮತ್ತೊಮ್ಮೆ ಆರಿಸಿಬಂದರು. ಎರಡು ಬಾರಿ ಚುನಾವಣೆಯಲ್ಲಿ ಗೆದ್ದು ಆ ಪದವಿಯಲ್ಲಿ ಕುಳಿತವರು ಇಂದಿನವರೆಗೂ ಅವರೊಬ್ಬರೇ.

1952ರಲ್ಲಿಯೇ ಡಾ. ಸರ್ವೇಪಲ್ಲಿ ರಾಧಾಕೃಷ್ಣನ್ ಅವರು ಅವಿರೋಧವಾಗಿ ಮೊದಲ ಉಪರಾಷ್ಟ್ರಪತಿಗಳಾದರು. 1918ರಿಂದ ಮೂರು ವರ್ಷ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರವನ್ನು ಬೋಧಿಸಿದ್ದ ಅವರು ಕನ್ನಡ ನಾಡಿಗೆ ಹೊಸಬರಲ್ಲ. ಉಪರಾಷ್ಟ್ರಪತಿಯನ್ನು ಆರಿಸುವವರು ಸಂಸತ್ತಿನ ಎರಡು ಸದನಗಳ ಸದಸ್ಯರು ಮಾತ್ರ. ಶಾಸಕರಿಗೆ ಅದರಲ್ಲಿ ಮತವಿಲ್ಲ. ಉಪರಾಷ್ಟ್ರಪತಿಯು ರಾಜ್ಯಸಭೆಯ ಸಭಾಪತಿ. ಆದರೆ ಅವರು ಆ ಸಭೆಯ ಸದಸ್ಯರಲ್ಲ. ಮತಗಳು ಎರಡು ಕಡೆಯೂ ಸಮವಾದಾಗ ಮಾತ್ರ ತಮ್ಮ ನಿರ್ಣಾಯಕ ಮತವನ್ನು ಚಲಾಯಿಸಬಹುದು. ರಾಷ್ಟ್ರಪತಿಯ ಸ್ಥಾನವು ಮರಣದಿಂದಲೋ ರಾಜೀನಾಮೆಯಿಂದಲೋ ತೆರವಾದರೆ ಉಪರಾಷ್ಟ್ರಪತಿಯು ಆ ಹೊಣೆಯನ್ನು ಹೊರುತ್ತಾರೆ. ಆರು ತಿಂಗಳೊಳಗೆ ಹೊಸ ರಾಷ್ಟ್ರಪತಿಯ ಚುನಾವಣೆ ನಡೆಯಲೇಬೇಕು. ಅನಾರೋಗ್ಯದಿಂದಲೋ ದೂರದ ಪ್ರಯಾಣದಿಂದಲೋ ರಾಷ್ಟ್ರಪತಿಗೆ ಕಾರ್ಯ ನಿರ್ವಹಿಸಲಾಗದಿದ್ದಾಗ ಅವರು ಮರಳುವವರೆಗೆ ಉಪರಾಷ್ಟ್ರಪತಿಯೇ ಆ ಕಾರ್ಯವನ್ನು ನಡೆಸುತ್ತಾರೆ. ಆ ಅವಧಿಯಲ್ಲಿ ಅವರು ರಾಜ್ಯಸಭೆಯ ಸಭಾಪತಿಯ ಕೆಲಸವನ್ನು ಮಾಡುವಂತಿಲ್ಲ. ಆ ಪೀಠದ ವೇತನವನ್ನೂ ಪಡೆಯುವಂತಿಲ್ಲ. ದೇಶವು ಒಂದು ಕ್ಷಣವೂ ಮುಖ್ಯಸ್ಥನಿಲ್ಲದೆ ಇರಬಾರದು, ಒಬ್ಬನೇ ಎರಡು ಪೀಠಗಳಲ್ಲಿ ಕುಳಿತಿರಲೂಬಾರದು ಎಂಬ ಎಚ್ಚರ ಇಲ್ಲಿದೆ.

ಈ ನಿಯಮವು ಆಚರಣೆಗೆ ಬಂದದ್ದೂ ರಾಜೇಂದ್ರಪ್ರಸಾದರ ಕಾಲದಲ್ಲಿಯೇ. 1960ರ ಜೂನ್ ತಿಂಗಳಿನಲ್ಲಿ ಅವರು ಸೋವಿಯತ್ ಒಕ್ಕೂಟಕ್ಕೆ ಪ್ರವಾಸ ಹೋದಾಗ ರಾಧಾಕೃಷ್ಣನ್ ಅವರು ರಾಷ್ಟ್ರಪತಿಯ ಕಾರ್ಯಗಳನ್ನು ನಿರ್ವಹಿಸಿದರು. 1961ರ ಜುಲೈ ತಿಂಗಳಿನಲ್ಲಿ ರಾಜೇಂದ್ರಪ್ರಸಾದರು ತೀವ್ರವಾದ ಕಾಯಿಲೆಗೆ ತುತ್ತಾದರು. ಆಗ ಡಿಸೆಂಬರ್‌ವರೆಗೆ, ಐದು ತಿಂಗಳಿಗೆ ಸಮೀಪವಾದ ಕಾಲ, ಉಪರಾಷ್ಟ್ರಪತಿಗಳು ಆ ಭಾರವನ್ನು ಹೊತ್ತರು. ಗುಣಮುಖರಾದೊಡನೆ ರಾಜೇಂದ್ರಪ್ರಸಾದರು ತಮ್ಮ ಕಾರ್ಯಕ್ಕೆ ಮರಳಿದರು. ರಾಧಾಕೃಷ್ಣನ್ ಅವರು ರಾಜ್ಯಸಭೆಯ ಪೀಠಕ್ಕೆ ಮರಳಿದರು. ಅಧಿಕಾರವು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಿ ಮತ್ತೆ ಬಂದರೂ ಎಲ್ಲಿಯೂ ಸದ್ದಾಗಲಿಲ್ಲ.

ರಾಷ್ಟ್ರಪತಿಯ ಅಂಕಿತವೆಂಬುದು ಬರಿಯ ಅಕ್ಷರವಲ್ಲ. 1956ರ ಆಗಸ್ಟ್ 31ರಂದು ರಾಜೇಂದ್ರಪ್ರಸಾದರು ರಾಜ್ಯಗಳ ಪುನರ್ವಿಂಗಡಣೆಯ ಮಸೂದೆಗೆ ಅಂಕಿತ ಹಾಕಿದರು. ಅದರಿಂದಾಗಿ ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡ ಪ್ರದೇಶಗಳು ಅದೇ ವರ್ಷ ನವೆಂಬರ್ 1ರಂದು ಒಂದುಗೂಡಿ ವಿಶಾಲ ಮೈಸೂರು ರಾಜ್ಯವು ಉದಯಿಸಿತು. 1973ರಲ್ಲಿ ಕರ್ನಾಟಕವೆಂದು ಹೆಸರು ಪಡೆದ ರಾಜ್ಯವು ಅದೇ. ಕೇರಳದ ಶಿಕ್ಷಣ ಮಸೂದೆಯ ವಿಷಯದಲ್ಲಿ ಸಂದೇಹಗಳು ಎದ್ದಾಗ, ರಾಷ್ಟ್ರಪತಿಯು ಅದನ್ನು ಸರ್ವೋಚ್ಚ ನ್ಯಾಯಾಲಯಕ್ಕೆ ಒಪ್ಪಿಸಿ ಅಭಿಪ್ರಾಯ ಕೇಳುವ ಮಾರ್ಗವನ್ನು ಹಿಡಿಯಲಾಯಿತು. 1958ರಲ್ಲಿ ನ್ಯಾಯಾಲಯವು ತನ್ನ ಅಭಿಪ್ರಾಯವನ್ನು ನೀಡಿತು.

ರಾಜೇಂದ್ರಪ್ರಸಾದರು ಆ ವಿಶಾಲವಾದ ಭವನದಲ್ಲಿ ವಾಸಿಸಿದರೂ ಭವನವು ಅವರನ್ನು ಬದಲಿಸಲಿಲ್ಲ. ಉಡುಪು ಅದೇ ಖಾದಿ, ಊಟ ಅದೇ ಸಾತ್ತ್ವಿಕ ಆಹಾರ. ಗೊತ್ತುಪಡಿಸಿದ ವೇತನದಲ್ಲಿ ಒಂದು ಭಾಗವನ್ನು ಮಾತ್ರ ತೆಗೆದುಕೊಳ್ಳುತ್ತಿದ್ದರು. ವೈಸರಾಯರ ಕಾಲದಲ್ಲಿ ಸಾಮಾನ್ಯರಿಗೆ ನಿಲುಕದಿದ್ದ ಅಲ್ಲಿಯ ಮೊಘಲ್ ಉದ್ಯಾನವನ್ನು ಪ್ರತಿ ವರ್ಷ ಕೆಲವು ವಾರಗಳ ಕಾಲ ಜನರಿಗೆ ತೆರೆದಿಡುವ ಪದ್ಧತಿಯು ಅವರ ಕಾಲದಲ್ಲಿ ಆರಂಭವಾಯಿತು. 2023ರಲ್ಲಿ ಅಮೃತ ಉದ್ಯಾನವೆಂಬ ಹೆಸರನ್ನು ಪಡೆದದ್ದು ಅದೇ ತೋಟ.

1960ರ ಜನವರಿ 25ರ ರಾತ್ರಿ ಅವರ ಪ್ರೀತಿಯ ಅಕ್ಕ ಭಗವತೀದೇವಿ ತೀರಿಕೊಂಡರು. ಎಳವೆಯಿಂದ ತಮ್ಮನನ್ನು ಅಕ್ಕರೆಯಿಂದ ಕಂಡಿದ್ದ ಅಕ್ಕ ಅವರು. ಬೆಳಗಾದರೆ ಗಣರಾಜ್ಯೋತ್ಸವ. ಸೇನಾಪಡೆಗಳು, ಶಾಲೆಯ ಮಕ್ಕಳು, ನಾಡಿನ ಮೂಲೆ ಮೂಲೆಗಳಿಂದ ಬಂದ ಜನರು ರಾಷ್ಟ್ರಪತಿಗಳನ್ನು ಕಾದಿದ್ದರು. ಮರುದಿನ ರಾಜೇಂದ್ರಪ್ರಸಾದರು ಎಂದಿನಂತೆ ಹೊರಟರು. ಎಂದಿನಂತೆ ಗೌರವವಂದನೆಯನ್ನು ಸ್ವೀಕರಿಸಿದರು. ಅವರ ಮುಖದಲ್ಲಿ ದುಃಖದ ನೆರಳು ಕೂಡ ಹೊರಗೆ ಕಾಣಲಿಲ್ಲ. ಸಮಾರಂಭವು ಮುಗಿದು ಭವನಕ್ಕೆ ಹಿಂತಿರುಗಿದ ಮೇಲೆಯೇ ಅವರು ಅಕ್ಕನ ಅಂತ್ಯಸಂಸ್ಕಾರಕ್ಕೆ ತೊಡಗಿದರು. ರಾಷ್ಟ್ರಪತಿಯ ದಿನವು ದೇಶಕ್ಕೆ ಸೇರಿದ್ದು, ತಮ್ಮನ ದುಃಖವು ಅದರ ತರುವಾಯದ್ದು ಎಂದು ಅವರು ತಿಳಿದಿದ್ದರು.

ನಿಯಮಕ್ಕೆ ತಲೆಬಾಗಿದರೆಂದ ಮಾತ್ರಕ್ಕೆ ಅವರು ಯೋಚಿಸುವುದನ್ನು ಬಿಟ್ಟವರಲ್ಲ. ನೆಹರೂ ಅವರೊಡನೆ ಹಲವು ವಿಷಯಗಳಲ್ಲಿ ಅವರಿಗೆ ಭಿನ್ನಾಭಿಪ್ರಾಯವಿತ್ತು. ಅವನ್ನು ಪತ್ರಗಳಲ್ಲಿ ನೇರವಾಗಿ ಬರೆದು ತಿಳಿಸುತ್ತಿದ್ದರು. 1951ರ ಮೇ ತಿಂಗಳಿನಲ್ಲಿ ಸೋಮನಾಥ ದೇವಾಲಯದ ಸಮಾರಂಭಕ್ಕೆ ಹೋಗುವುದು ಬೇಡವೆಂದು ನೆಹರೂ ಅವರು ಸೂಚಿಸಿದ್ದರೂ ಅವರು ಹೋಗಿ ಬಂದರು. 1960ರ ನವೆಂಬರ್ 28ರಂದು ದೆಹಲಿಯಲ್ಲಿ ಭಾರತೀಯ ಕಾನೂನು ಸಂಸ್ಥೆಯ ಕಟ್ಟಡಕ್ಕೆ ಅಡಿಗಲ್ಲಿಡುವಾಗ ತಮ್ಮ ಹಳೆಯ ಪ್ರಶ್ನೆಯನ್ನು ಮತ್ತೆ ಎತ್ತಿದರು. ನಮ್ಮ ರಾಷ್ಟ್ರಪತಿಯ ಅಧಿಕಾರವು ಇಂಗ್ಲೆಂಡಿನ ದೊರೆಯ ಅಧಿಕಾರದಷ್ಟೇ ಆಗಿದೆಯೇ, ಬೇರೆಯಾಗಿದೆಯೇ ಎಂಬುದನ್ನು ಪಂಡಿತರು ಅಧ್ಯಯನ ಮಾಡಬೇಕೆಂದು ಸೂಚಿಸಿದರು. ಈ ಮಾತು ದೇಶದಲ್ಲೆಲ್ಲ ಚರ್ಚೆಗೆ ಎಡೆಮಾಡಿತು. ಪ್ರಶ್ನೆ ಕೇಳುವುದು ವಿದ್ವಾಂಸನ ಹಕ್ಕು. ಉತ್ತರ ದೊರೆಯುವವರೆಗೆ ಇದ್ದ ನಿಯಮದಂತೆ ನಡೆಯುವುದು ಪದವಿಯ ಕರ್ತವ್ಯ. ರಾಜೇಂದ್ರಪ್ರಸಾದರು ಎರಡನ್ನೂ ಪಾಲಿಸಿದರು.

ಆ ಪ್ರಶ್ನೆಗೆ ಲಿಖಿತವಾದ ಉತ್ತರವು ಬಂದದ್ದು ಅವರು ಗತಿಸಿದ ಎಷ್ಟೋ ವರ್ಷಗಳ ಬಳಿಕ. 1976ರ ನಲವತ್ತೆರಡನೆಯ ತಿದ್ದುಪಡಿಯು ರಾಷ್ಟ್ರಪತಿಯು ಮಂತ್ರಿಮಂಡಲದ ಸಲಹೆಯಂತೆಯೇ ನಡೆಯತಕ್ಕದ್ದೆಂದು ಸ್ಪಷ್ಟವಾಗಿ ಬರೆಯಿತು. 1978ರ ನಲವತ್ತನಾಲ್ಕನೆಯ ತಿದ್ದುಪಡಿಯು ಅದಕ್ಕೆ ಒಂದು ಮಾತನ್ನು ಸೇರಿಸಿತು. ಸಲಹೆಯನ್ನು ಪುನಃ ಪರಿಶೀಲಿಸುವಂತೆ ರಾಷ್ಟ್ರಪತಿಯು ಒಮ್ಮೆ ಹಿಂದಕ್ಕೆ ಕಳುಹಿಸಬಹುದು. ಪುನಃಪರಿಶೀಲನೆಯ ಬಳಿಕ ಬಂದ ಸಲಹೆಯನ್ನು ಒಪ್ಪಲೇಬೇಕು. ಕಾನೂನಿನ ಬಲವಂತವಿಲ್ಲದ ಕಾಲದಲ್ಲಿ ರಾಜೇಂದ್ರಪ್ರಸಾದರು ನಡೆದು ತೋರಿಸಿದ್ದ ದಾರಿಯೂ ಇದೇ ಅಲ್ಲವೆ? ಅವರು ತಮ್ಮ ಮನಸ್ಸಿನಲ್ಲಿದ್ದುದನ್ನು ಬರೆದು ತಿಳಿಸಿದರು. ಉತ್ತರ ಬಂದ ಮೇಲೆ ಅದರಂತೆ ನಡೆದರು.

1962ರ ಮೇ 13ರಂದು ಡಾ. ರಾಧಾಕೃಷ್ಣನ್ ಅವರಿಗೆ ಪದವಿಯನ್ನು ಒಪ್ಪಿಸಿ ರಾಜೇಂದ್ರಪ್ರಸಾದರು ನಿವೃತ್ತರಾದರು. ಅದೇ ವರ್ಷ ಅವರಿಗೆ ಭಾರತರತ್ನ ಪ್ರಶಸ್ತಿಯು ಸಂದಿತು. ಅವರು ಹೋಗಿ ನೆಲೆಸಿದ್ದು ಯಾವ ಬಂಗಲೆಯಲ್ಲಿಯೂ ಅಲ್ಲ, ಸ್ವಾತಂತ್ರ್ಯ ಹೋರಾಟದ ದಿನಗಳಲ್ಲಿ ತಾವು ವಾಸವಾಗಿದ್ದ ಪಾಟ್ನಾದ ಸದಾಕತ್ ಆಶ್ರಮದಲ್ಲಿ. ಸೆಪ್ಟೆಂಬರಿನಲ್ಲಿ ಬಾಳಸಂಗಾತಿ ರಾಜವಂಶೀದೇವಿಯವರು ತೀರಿಕೊಂಡರು. 1963ರ ಫೆಬ್ರವರಿ 28ರಂದು ರಾಜೇಂದ್ರಪ್ರಸಾದರೂ ಪಾಟ್ನಾದಲ್ಲಿ ಕೊನೆಯುಸಿರೆಳೆದರು.

ರಾಜೇಂದ್ರಪ್ರಸಾದರಿಗೆ ದೊರೆತ ಪದವಿಯು ದೇಶದಲ್ಲಿಯೇ ಅತ್ಯುನ್ನತವಾದದ್ದು. ಆ ಎತ್ತರದಲ್ಲಿ ಕುಳಿತವನು ತನ್ನ ಇಚ್ಛೆಯನ್ನೇ ನಿಯಮವೆಂದು ಭಾವಿಸುವುದು ಸುಲಭ. ಹಾಗೆ ಭಾವಿಸಿದವರಿಂದ ಎಷ್ಟೋ ದೇಶಗಳಲ್ಲಿ ಪ್ರಜಾಪ್ರಭುತ್ವವು ಮಣ್ಣುಗೂಡಿದೆ. ರಾಜೇಂದ್ರಪ್ರಸಾದರು ತಮ್ಮ ಇಚ್ಛೆಗಿಂತ ನಿಯಮವು ದೊಡ್ಡದೆಂದು ಬಗೆದರು. ಅವರ ತರುವಾಯ ಆ ಪೀಠಕ್ಕೆ ಬಂದವರೆಲ್ಲರಿಗೂ ಅವರು ಬಿಟ್ಟುಹೋದ ಹಿರಿಯ ಆಸ್ತಿ ಇದೇ. ಚಂಪಾರಣದ ಅಡಿಗೆಮನೆಯಲ್ಲಿ ತಮ್ಮ ಪಾತ್ರೆಯನ್ನು ತಾವೇ ತೊಳೆಯಲು ಕಲಿತ ಕೈಯೇ ಮುಂದೆ ತಮಗೆ ಒಪ್ಪಿಗೆಯಿಲ್ಲದ ಶಾಸನಕ್ಕೂ ಪ್ರಜೆಗಳ ಪ್ರತಿನಿಧಿಗಳ ಮಾತನ್ನು ಮನ್ನಿಸಿ ಅಂಕಿತ ಹಾಕಿತು.